ಹೊಸ್ತಿಲಲ್ಲಿ ನಿಂತು ಬರೆದ ಸಂವಿಧಾನಗಳು

(ನಮ್ಮ ಊರಿನ ಗ್ರಂಥಾಲಯದಲ್ಲಿ ಕಳೆದ ಭಾನುವಾರ ಆಡಿದ ಮಾತಿನ ಬರಹ ರೂಪ. ಸಮಯ ಸಾಲದೆ ಬಿಟ್ಟಿದ್ದ ಕೆಲವು ವಿವರಗಳನ್ನು ಇಲ್ಲಿ ಸೇರಿಸಿದ್ದೇನೆ. ನಡುವೆ ಬಂದ ಪ್ರಶ್ನೆಗಳು ಬಂದ ಜಾಗದಲ್ಲೇ ಇವೆ.)

ಎಲ್ಲರಿಗೂ ನಮಸ್ಕಾರ.

ನಾನು ಪಿಯು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಹೇಳಿಕೊಡುತ್ತಿದ್ದಾಗ ಒಬ್ಬ ಹುಡುಗಿ ಒಂದು ಪ್ರಶ್ನೆ ಕೇಳಿದ್ದಳು. ಎಲ್ಲೋ ಪುಸ್ತಕದಲ್ಲಿ 'ಅರಿಜೋನಾ ರಾಜ್ಯದ ಸಂವಿಧಾನ' ಅಂತ ಓದಿಕೊಂಡು ಬಂದಿದ್ದಳು. 'ಸಾರ್, ಹಾಗಾದರೆ ಕರ್ನಾಟಕದ ಸಂವಿಧಾನ ಎಲ್ಲಿ ಸಿಗುತ್ತೆ?' ಅಂದಳು. ತರಗತಿಯೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ. ಅದು ತುಂಬಾ ಒಳ್ಳೆಯ ಪ್ರಶ್ನೆ. ನಮ್ಮಲ್ಲಿ ಇಡೀ ದೇಶಕ್ಕೆ ಒಂದೇ ಸಂವಿಧಾನ, ಅದರಲ್ಲೇ ರಾಜ್ಯಗಳ ಆಡಳಿತವೂ ಬರೆದಿದೆ. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ 50 ರಾಜ್ಯಗಳಿಗೂ ಒಂದೊಂದು ಸಂವಿಧಾನ ಇದೆ. ಯಾಕೆ ಹಾಗೆ ಅನ್ನುವುದನ್ನು ಅವತ್ತು ಆ ಹುಡುಗಿಗೆ ಗಂಟೆ ಹೊಡೆಯುವುದರೊಳಗೆ ಪೂರ್ತಿ ಹೇಳಲು ಆಗಲಿಲ್ಲ. ಇವತ್ತು ಹೇಳುತ್ತೇನೆ.

ಒಂದು ಮಾತು ಮೊದಲೇ ತಿಳಿಸಿಬಿಡುತ್ತೇನೆ. ಇವತ್ತು ನಾನು 'ಕಾಂಗ್ರೆಸ್' ಅಂದಾಗಲೆಲ್ಲ ಅದು ಪಕ್ಷ ಅಲ್ಲ, ಅಮೆರಿಕದ ಸಂಸತ್ತು.

ನಾವು ಸಾಮಾನ್ಯವಾಗಿ ಹೇಗೆ ಅಂದುಕೊಳ್ಳುತ್ತೇವೆ? ಮೊದಲು ದೇಶ, ಆಮೇಲೆ ಅದನ್ನು ಹಂಚಿ ಮಾಡಿದ ರಾಜ್ಯಗಳು. ಅಮೆರಿಕದಲ್ಲಿ ಇದು ತಿರುವುಮುರುವು. 1776ರಲ್ಲಿ ಬ್ರಿಟಿಷ್ ದೊರೆಯ ಆಡಳಿತ ಕುಸಿಯುತ್ತಿದ್ದಾಗ, ವಸಾಹತುಗಳ ಪ್ರತಿನಿಧಿಗಳು ಫಿಲಡೆಲ್ಫಿಯಾದಲ್ಲಿ ಸೇರಿ, ನಿಮ್ಮ ನಿಮ್ಮ ಸರ್ಕಾರವನ್ನು ನೀವೇ ಕಟ್ಟಿಕೊಳ್ಳಿ ಅಂತ ಮೇ ತಿಂಗಳಲ್ಲಿ ಸಲಹೆ ಕೊಟ್ಟರು. ನ್ಯೂ ಹ್ಯಾಂಪ್‌ಶೈರ್ ಅಷ್ಟು ಹೊತ್ತಿಗಾಗಲೇ ಬರೆದುಕೊಂಡಿತ್ತು. ವರ್ಜೀನಿಯಾ ಜೂನ್ ಕೊನೆಗೆ ಬರೆಯಿತು. ನ್ಯೂ ಜೆರ್ಸಿ ಜುಲೈ 2ಕ್ಕೆ ಮುಗಿಸಿತು. ಅದರಲ್ಲಿ ಮತದಾರರು ಅಂದರೆ 50 ಪೌಂಡ್ ಆಸ್ತಿ ಇರುವ 'ಎಲ್ಲ ನಿವಾಸಿಗಳು' ಅಂತ ಬರೆದರು. ಹಾಗಾಗಿ ಆಸ್ತಿ ಇದ್ದ ಹೆಂಗಸರು ಅಲ್ಲಿ 1807ರ ತನಕ ಮತ ಹಾಕಿದರು, ಆಮೇಲೆ ಕಾನೂನು ತಂದು ಅದನ್ನು ಕಿತ್ತುಕೊಂಡರು. ಕನೆಕ್ಟಿಕಟ್ ಮತ್ತು ರೋಡ್ ಐಲೆಂಡ್ ಹೊಸದಾಗಿ ಬರೆಯಲೇ ಇಲ್ಲ. ದೊರೆ ಕೊಟ್ಟಿದ್ದ ಹಳೇ ಸನ್ನದಿನಲ್ಲೇ ದಶಕಗಟ್ಟಲೆ ಸಂಸಾರ ನಡೆಸಿದವು. ದೇಶಕ್ಕೆ ಅಂತ ನಾವು ಈಗ ಹೇಳುವ ಸಂವಿಧಾನ ಬರೆದದ್ದು 1787ರಲ್ಲಿ. ಅಂದರೆ ರಾಜ್ಯಗಳ ಸಂವಿಧಾನಗಳೇ ಅದಕ್ಕೆ ಅಕ್ಕಂದಿರು.

ಇವುಗಳಲ್ಲಿ ಮ್ಯಾಸಚೂಸೆಟ್ಸ್ ಕಥೆಯನ್ನು ಸ್ವಲ್ಪ ನಿಂತು ಹೇಳಬೇಕು. ಬೇರೆ ಹಲವು ಕಡೆ ಶಾಸನಸಭೆಯವರೇ ಕೂತು ಸಂವಿಧಾನ ಬರೆದುಬಿಟ್ಟಿದ್ದರು. ಮ್ಯಾಸಚೂಸೆಟ್ಸ್‌ನ ಕಾಂಕರ್ಡ್ ಅನ್ನುವ ಊರಿನ ಜನ 1776ರ ಅಕ್ಟೋಬರಿನಲ್ಲಿ ಊರ ಸಭೆ ಸೇರಿಸಿ ಇದಕ್ಕೆ ತಕರಾರು ತೆಗೆದರು. ಅವರ ವಾದ ಸರಳವಾಗಿತ್ತು. ಸಂವಿಧಾನ ಇರುವುದೇ ಸರ್ಕಾರಕ್ಕೆ ಕಡಿವಾಣ ಹಾಕಲು. ಆ ಕಡಿವಾಣವನ್ನು ಸರ್ಕಾರವೇ ಮಾಡಿಕೊಂಡರೆ ಅದು ಬೇಕಾದಾಗ ಕಳಚಿಕೊಳ್ಳುತ್ತದೆ. ಹಾಗಾಗಿ ಬರೆಯಲಿಕ್ಕೇ ಅಂತ ಬೇರೆ ಜನರನ್ನು ಆರಿಸಿ. ರೈತರು, ಕಮ್ಮಾರರು, ಅಂಗಡಿಯವರು ಸೇರಿದ್ದ ಒಂದು ಊರ ಸಭೆಯಲ್ಲಿ ಈ ಮಾತು ಬಂತು ಅನ್ನುವುದನ್ನು ನೆನೆದರೆ ನನಗೆ ಇವತ್ತಿಗೂ ಖುಷಿಯಾಗುತ್ತದೆ.

ಶಾಸನಸಭೆ ಕೇಳಲಿಲ್ಲ. 1778ರಲ್ಲಿ ತಾನೇ ಒಂದು ಕರಡು ಬರೆದು ಊರುಗಳಿಗೆ ಕಳಿಸಿತು. ಊರುಗಳು ಅದನ್ನು ಭಾರಿ ಬಹುಮತದಿಂದ ವಾಪಸ್ ಕಳಿಸಿದವು. ಆಮೇಲೆ ದಾರಿಗೆ ಬಂದು, 1779ರಲ್ಲಿ ಸಂವಿಧಾನಕ್ಕಾಗಿಯೇ ಒಂದು ಸಭೆ ಆರಿಸಿದರು. ಕರಡಿನ ಹೆಚ್ಚು ಪಾಲು ಬರೆದವರು ಜಾನ್ ಆಡಮ್ಸ್. ಅದನ್ನು ಮತ್ತೆ ಊರೂರಿಗೆ ಕಳಿಸಿದರು. ಜನ ಒಂದೊಂದು ವಿಧಿಯನ್ನೂ ಓದಿಸಿ, ಚರ್ಚೆ ಮಾಡಿ, ಇದು ಸರಿ, ಇದು ಬೇಡ ಅಂತ ಉತ್ತರ ಬರೆದರು. 1780ರಲ್ಲಿ ಜಾರಿಗೆ ಬಂದ ಆ ಸಂವಿಧಾನ ತಿದ್ದುಪಡಿಗಳ ಜೊತೆ ಇವತ್ತಿಗೂ ನಡೆಯುತ್ತಿದೆ. ಜಗತ್ತಿನಲ್ಲಿ ಈಗಲೂ ಬಳಕೆಯಲ್ಲಿರುವ ಬರಹದ ಸಂವಿಧಾನಗಳಲ್ಲಿ ಅದೇ ಹಳೆಯದು ಅಂತ ಹೇಳುತ್ತಾರೆ.

ಅದರ ಮೊದಲ ವಿಧಿಯಲ್ಲೇ ಒಂದು ಮಾತಿದೆ. ಎಲ್ಲ ಮನುಷ್ಯರೂ ಹುಟ್ಟಿನಿಂದ ಸ್ವತಂತ್ರರು ಮತ್ತು ಸಮಾನರು. ಬರೆದವರಿಗೆ ಅದರ ಪೂರ್ತಿ ಅರ್ಥ ಹೊಳೆದಿತ್ತೋ ಇಲ್ಲವೋ. ಷೆಫೀಲ್ಡ್ ಅನ್ನುವ ಊರಿನಲ್ಲಿ ಗುಲಾಮಳಾಗಿ ದುಡಿಯುತ್ತಿದ್ದ ಬೆಟ್ ಅನ್ನುವ ಹೆಂಗಸಿಗೆ ಹೊಳೆಯಿತು. ಆಕೆಗೆ ಓದು ಬರಹ ಬರುತ್ತಿರಲಿಲ್ಲ. ಆಕೆಯ ಕಥೆ ಬರೆದಿಟ್ಟವರು ಹೇಳುವುದು ಹೀಗೆ: ಮನೆಯ ಯಜಮಾನಿ ಸಿಟ್ಟಿನಲ್ಲಿ ಅಡುಗೆಮನೆಯ ಒಲೆಯಿಂದ ಕಾದ ಕಬ್ಬಿಣದ ಸಲಿಕೆ ತೆಗೆದು ಇನ್ನೊಬ್ಬ ಹುಡುಗಿಗೆ ಬೀಸಿದಳು. ಬೆಟ್ ಅಡ್ಡ ಹೋಗಿ ತನ್ನ ತೋಳು ಕೊಟ್ಟಳು. ಆ ಗಾಯ ಸಾಯುವ ತನಕ ಉಳಿಯಿತು. ಯಾರಾದರೂ ಕೇಳಿದರೆ ತೋಳಿನ ಬಟ್ಟೆ ಸರಿಸಿ ತೋರಿಸುತ್ತಿದ್ದಳಂತೆ.

ಬೆಟ್ ಥಿಯೋಡರ್ ಸೆಜ್‌ವಿಕ್ ಅನ್ನುವ ವಕೀಲರ ಹತ್ತಿರ ಹೋದಳು. ಎಲ್ಲರೂ ಸಮಾನರು ಅಂತ ಓದಿದ್ದನ್ನು ನಾನು ಕೇಳಿಸಿಕೊಂಡೆ, ಆ ಎಲ್ಲರಲ್ಲಿ ನಾನೂ ಸೇರುತ್ತೇನೆ ಅಲ್ವಾ ಅನ್ನುವುದು ಆಕೆಯ ಪ್ರಶ್ನೆ. 1781ರಲ್ಲಿ ಗ್ರೇಟ್ ಬ್ಯಾರಿಂಗ್ಟನ್ ಊರಿನ ಕೋರ್ಟಿನಲ್ಲಿ ಜ್ಯೂರಿ ಹೌದು ಅಂದಿತು. ಬಿಡುಗಡೆ ಮಾತ್ರ ಅಲ್ಲ, 30 ಶಿಲ್ಲಿಂಗ್ ಪರಿಹಾರವೂ ಸಿಕ್ಕಿತು. ಬೆಟ್ ತನ್ನ ಹೆಸರನ್ನು ಎಲಿಜಬೆತ್ ಫ್ರೀಮನ್ ಅಂತ ಬದಲಾಯಿಸಿಕೊಂಡಳು. ಎರಡು ವರ್ಷದೊಳಗೆ ಕ್ವಾಕ್ ವಾಕರ್ ಅನ್ನುವವನ ಕೇಸಿನಲ್ಲಿ ಆ ರಾಜ್ಯದ ದೊಡ್ಡ ಕೋರ್ಟೇ ಇದೇ ಅರ್ಥ ಹೇಳಿತು. ಗುಲಾಮಗಿರಿಯನ್ನು ತೆಗೆಯಲು ಬೇರೆ ಕಾನೂನೇ ಬೇಕಾಗಲಿಲ್ಲ. ದೇಶದ ಸಂವಿಧಾನ ಹುಟ್ಟುವ ಮುಂಚೆಯೇ ರಾಜ್ಯದ ಸಂವಿಧಾನದ ಒಂದು ಸಾಲು ಇಷ್ಟು ಕೆಲಸ ಮಾಡಿತು.

ಈಗ ಸೇರ್ಪಡೆಯ ಕಥೆಗೆ ಬರೋಣ. ಮೊದಲು 13 ರಾಜ್ಯ ಇದ್ದವು. ಉಳಿದ 37 ಹೊಸ್ತಿಲ ಆಚೆ ನಿಂತು, ಬಾಗಿಲು ತಟ್ಟಿ ಒಳಗೆ ಬಂದವು. ಹೇಗೆ ಬರಬೇಕು ಅನ್ನುವ ನಿಯಮ 1787ರ ಜುಲೈ 13ರಂದು ತಯಾರಾಯಿತು. ಅದಕ್ಕೆ ವಾಯವ್ಯ ಕಟ್ಟಳೆ ಅನ್ನಬಹುದು. ಒಹಾಯೋ ನದಿಯ ಉತ್ತರಕ್ಕಿರುವ ದೊಡ್ಡ ಪ್ರದೇಶದಲ್ಲಿ ಮೂರರಿಂದ ಐದು ರಾಜ್ಯ ಮಾಡಬಹುದು ಅಂತ ಅದು ಹೇಳಿತು. ಮೊದಲು ಕಾಂಗ್ರೆಸ್ ಕಳಿಸಿದ ಗವರ್ನರ್ ಮತ್ತು ಮೂವರು ನ್ಯಾಯಾಧೀಶರು ಆಳುತ್ತಾರೆ. ವಯಸ್ಸಿಗೆ ಬಂದ ಸ್ವತಂತ್ರ ಗಂಡಸರು 5,000 ಆದರೆ ಜನರಿಗೆ ಒಂದು ಸಭೆ. ಸ್ವತಂತ್ರ ನಿವಾಸಿಗಳು 60,000 ಆದರೆ ತಮ್ಮ ಸಂವಿಧಾನ ತಾವೇ ಬರೆದುಕೊಂಡು ರಾಜ್ಯವಾಗಿ ಬರಬಹುದು. ಬಂದ ಮೇಲೆ? ಮೂಲ ರಾಜ್ಯಗಳ ಜೊತೆ ಎಲ್ಲ ರೀತಿಯಲ್ಲೂ ಸಮಾನ ನೆಲೆ. ಗುಲಾಮಗಿರಿ ಆ ಪ್ರದೇಶದಲ್ಲಿ ಇರಕೂಡದು ಅಂತಲೂ ಬರೆದರು.

ಸಮಾನ ನೆಲೆ ಅನ್ನುವ ಈ ಎರಡು ಪದ ಇವತ್ತಿನ ನನ್ನ ಮಾತಿನ ಬೆನ್ನೆಲುಬು. ಅವತ್ತಿನ ಕಾಲಕ್ಕೆ ಅದು ಸಣ್ಣ ವಿಷಯ ಆಗಿರಲಿಲ್ಲ. ತಾಯ್ನಾಡು ಮೇಲೆ, ವಸಾಹತು ಕೆಳಗೆ, ಅದೇ ಲೋಕದ ರೂಢಿ. ಅಮೆರಿಕದವರು ಅದರ ವಿರುದ್ಧ ಬಡಿದಾಡಿ ಇನ್ನೂ ನಾಲ್ಕು ವರ್ಷ ಆಗಿತ್ತು. ಹಾಗಿದ್ದೂ ತಾವೇ ಪಶ್ಚಿಮಕ್ಕೆ ವಸಾಹತು ಕಟ್ಟುವಾಗ ಅದೇ ರೂಢಿ ಹಿಡಿಯಬೇಕು ಅನ್ನುವವರು ಅವರಲ್ಲೂ ಇದ್ದರು. ಫಿಲಡೆಲ್ಫಿಯಾದಲ್ಲಿ ದೇಶದ ಸಂವಿಧಾನ ಬರೆಯುವಾಗ ಗವರ್ನರ್ ಮಾರಿಸ್ (ಗವರ್ನರ್ ಅನ್ನುವುದು ಅವರ ಹುದ್ದೆ ಅಲ್ಲ, ಹೆಸರೇ ಹಾಗೆ) ಹೊಸ ರಾಜ್ಯಗಳಿಗೆ ಸಮಾನತೆಯ ಮಾತು ಕೊಡುವುದು ಬೇಡ ಅಂದರು. ಆ ಸಾಲನ್ನು ತೆಗೆದೂ ಹಾಕಿದರು. ಹಾಗಾಗಿ ದೇಶದ ಸಂವಿಧಾನದ ನಾಲ್ಕನೇ ಅನುಚ್ಛೇದ ಓದಿದರೆ, ಹೊಸ ರಾಜ್ಯಗಳನ್ನು ಕಾಂಗ್ರೆಸ್ ಸೇರಿಸಿಕೊಳ್ಳಬಹುದು ಅಂತ ಮಾತ್ರ ಇದೆ. ಸಮಾನ ಅನ್ನುವ ಮಾತೇ ಅಲ್ಲಿಲ್ಲ. ಆದರೆ 1796ರಲ್ಲಿ ಟೆನೆಸಿ ಬಂದಾಗ ಸೇರ್ಪಡೆಯ ಕಾಯ್ದೆಯಲ್ಲಿ ಅದೇ ಮಾತನ್ನು ಮತ್ತೆ ಬರೆದರು. ಆಮೇಲೆ ಅದು ವಾಡಿಕೆಯಾಗಿ ಉಳಿಯಿತು.

ಇನ್ನೊಂದು ಸತ್ಯವನ್ನೂ ಜೊತೆಗೇ ಹೇಳಬೇಕು. ಆ 60,000 ಲೆಕ್ಕದಲ್ಲಿ ಆ ನೆಲದ ಮೂಲನಿವಾಸಿಗಳು ಬರುತ್ತಿರಲಿಲ್ಲ. ಅವರ ಭೂಮಿಯನ್ನು ಅವರ ಒಪ್ಪಿಗೆ ಇಲ್ಲದೆ ತೆಗೆದುಕೊಳ್ಳುವುದಿಲ್ಲ ಅಂತ ಅದೇ ಕಟ್ಟಳೆಯಲ್ಲಿ ಬರೆದಿದೆ. ಆ ಮಾತು ಉಳಿಯಲಿಲ್ಲ. ಕೊನೆಯಲ್ಲಿ ಇದಕ್ಕೆ ಮತ್ತೆ ಬರುತ್ತೇನೆ.

ಬಾಗಿಲು ತಟ್ಟುವ ರೀತಿ ಒಂದೇ ಇರಲಿಲ್ಲ. ಸಾಮಾನ್ಯ ದಾರಿ ಅಂದರೆ, ಕಾಂಗ್ರೆಸ್ ಮೊದಲು 'ಸಂವಿಧಾನ ಬರೆದುಕೊಂಡು ಬನ್ನಿ' ಅಂತ ಒಂದು ಅನುಮತಿ ಕಾಯ್ದೆ ಮಾಡುತ್ತದೆ. ಒಹಾಯೋಗೆ 1802ರಲ್ಲಿ ಹೀಗೆ ಮಾಡಿದರು. ಒಹಾಯೋ 1803ರಲ್ಲಿ ಒಳಗೆ ಬಂತು. ಆದರೆ ಸೇರಿಸಿಕೊಂಡೆವು ಅಂತ ಬರೆದುಕೊಡುವುದನ್ನು ಕಾಂಗ್ರೆಸ್ ಮರೆತೇಬಿಟ್ಟಿತ್ತು. 1953ರಲ್ಲಿ, 150ನೇ ವರ್ಷದ ಹಬ್ಬದ ಹೊತ್ತಿಗೆ, ಹಿಂದಿನ ತಾರೀಕು ಹಾಕಿ ಅದನ್ನು ಸರಿಮಾಡಿದರು. ಟೆನೆಸಿಯದು ಇನ್ನೊಂದು ದಾರಿ. ಯಾರ ಅನುಮತಿಗೂ ಕಾಯಲಿಲ್ಲ. ತಾವೇ ಜನಗಣತಿ ಮಾಡಿ, ಸಂವಿಧಾನ ಬರೆದು, ಸೆನೆಟರುಗಳನ್ನೂ (ಕಾಂಗ್ರೆಸ್ಸಿನ ಮೇಲ್ಮನೆಯಾದ ಸೆನೆಟ್‌ನ ಸದಸ್ಯರು) ಆರಿಸಿ ರಾಜಧಾನಿಗೆ ಕಳಿಸಿಬಿಟ್ಟರು. ಇದಕ್ಕೆ ಟೆನೆಸಿ ಪ್ಲಾನ್ ಅಂತಲೇ ಹೆಸರು. 160 ವರ್ಷ ಆದ ಮೇಲೆ ಅಲಾಸ್ಕಾದವರೂ ಇದನ್ನೇ ಮಾಡಿದರು. 1955ರ ಚಳಿಗಾಲದಲ್ಲಿ ಫೇರ್‌ಬ್ಯಾಂಕ್ಸ್ ಹತ್ತಿರದ ವಿಶ್ವವಿದ್ಯಾಲಯದಲ್ಲಿ 55 ಜನ ಕೂತು ಸಂವಿಧಾನ ಬರೆದರು. ಆಮೇಲೆ ಇಬ್ಬರು ಸೆನೆಟರು, ಒಬ್ಬ ಪ್ರತಿನಿಧಿಯನ್ನು ಆರಿಸಿ ವಾಷಿಂಗ್ಟನ್‌ಗೆ ಕಳಿಸಿದರು. 1959ರ ಜನವರಿಯಲ್ಲಿ ಅಲಾಸ್ಕಾ ರಾಜ್ಯವಾಯಿತು. ಅದೇ ಆಗಸ್ಟ್‌ನಲ್ಲಿ ಹವಾಯಿ.

ಸಂವಿಧಾನವನ್ನು ತಂತಿಯಲ್ಲಿ ಕಳಿಸಿದ ರಾಜ್ಯವೂ ಒಂದಿದೆ. ನೆವಾಡಾ. 1864, ಗುಲಾಮಗಿರಿಯ ಜಗಳದಲ್ಲಿ ಒಕ್ಕೂಟ ಬಿಟ್ಟು ಹೋದ ದಕ್ಷಿಣದ ರಾಜ್ಯಗಳ ಜೊತೆ ಅಂತರ್ಯುದ್ಧ ನಡೆಯುತ್ತಿತ್ತು, ಅಧ್ಯಕ್ಷ ಲಿಂಕನ್ ಅವರ ಎರಡನೇ ಚುನಾವಣೆ ಹತ್ತಿರ ಬಂದಿತ್ತು. ನೆವಾಡಾದಲ್ಲಿ ಜನ ಕಡಿಮೆ, 1860ರ ಗಣತಿಯಲ್ಲಿ 7,000 ಕೂಡ ಇರಲಿಲ್ಲ. ಆದರೆ ಒಕ್ಕೂಟದ ಪರ ಇರುವ ಇನ್ನೊಂದು ರಾಜ್ಯ ಬೇಕಾಗಿತ್ತು. ಟಪಾಲಿನಲ್ಲಿ ಕಳಿಸಿದ ಪ್ರತಿಗಳು ತಲುಪಿರಲಿಲ್ಲ. ಆಗ ಕಾರ್ಸನ್ ಸಿಟಿಯ ತಂತಿ ಕಚೇರಿಯಲ್ಲಿ ಕೂತು ಇಡೀ ಸಂವಿಧಾನವನ್ನು, 16,543 ಪದಗಳನ್ನು, ಚುಕ್ಕಿ ಗೆರೆಗಳಲ್ಲಿ ಒತ್ತಿ ಕಳಿಸಿದರು. ಖರ್ಚು 4,303 ಡಾಲರ್ 27 ಸೆಂಟ್. ಅಕ್ಟೋಬರ್ 31ಕ್ಕೆ ನೆವಾಡಾ ರಾಜ್ಯವಾಯಿತು, ಒಂದು ವಾರ ಕಳೆದು ಚುನಾವಣೆ.

ಇಲ್ಲಿ ಒಬ್ಬರು ಹಿರಿಯರು ಎದ್ದು ಕೇಳಿದರು: 'ಅಷ್ಟೊಂದು ಆತುರ, ಅಷ್ಟೊಂದು ಜಗಳ ಯಾಕೆ ಮೇಷ್ಟ್ರೇ? ಒಂದು ರಾಜ್ಯ ಜಾಸ್ತಿ ಆದರೆ ಯಾರಿಗೆ ನಷ್ಟ?'

ಉತ್ತರ ಸೆನೆಟ್‌ನಲ್ಲಿದೆ. ದೊಡ್ಡದಿರಲಿ ಚಿಕ್ಕದಿರಲಿ, ಪ್ರತಿ ರಾಜ್ಯಕ್ಕೂ ಅಲ್ಲಿ ಎರಡು ಸೀಟು. ಹಾಗಾಗಿ ಗುಲಾಮಗಿರಿ ಇರುವ ರಾಜ್ಯಗಳು ಎಷ್ಟು, ಇಲ್ಲದವು ಎಷ್ಟು ಅನ್ನುವುದು ತಕ್ಕಡಿ ಆಗಿಬಿಟ್ಟಿತು. 1820ರಲ್ಲಿ ಒಂದು ಕಡೆ ಮೇನ್, ಇನ್ನೊಂದು ಕಡೆ ಮಿಸೌರಿ ಅಂತ ತೂಗಿ ಒಪ್ಪಂದ ಮಾಡಿದರು. ಮೇನ್ ಆ ವರ್ಷವೇ ಬಂತು, ಮಿಸೌರಿ ಮುಂದಿನ ವರ್ಷ. ಈ ತಕ್ಕಡಿ ಮುರಿದು ಬಿದ್ದದ್ದು ಕಾನ್ಸಸ್‌ನಲ್ಲಿ.

ಕಾನ್ಸಸ್ ನಾಲ್ಕು ಸಂವಿಧಾನ ಬರೆಯಿತು. ಟೊಪೀಕಾದಲ್ಲಿ 1855ರಲ್ಲಿ, ಲಿಕಾಂಪ್ಟನ್‌ನಲ್ಲಿ 1857ರಲ್ಲಿ, ಲೆವನ್‌ವರ್ತ್‌ನಲ್ಲಿ 1858ರಲ್ಲಿ, ವಯಾಂಡಾಟ್‌ನಲ್ಲಿ 1859ರಲ್ಲಿ. ಗುಲಾಮಗಿರಿ ಬೇಕು ಅನ್ನುವವರು ಬರೆದದ್ದು ಲಿಕಾಂಪ್ಟನ್‌ನದು. ಅದನ್ನು ಜನರ ಮುಂದೆ ಇಟ್ಟ ರೀತಿ ನೋಡಿ. ಈ ಸಂವಿಧಾನ ಬೇಕೋ ಬೇಡವೋ ಅಂತ ಕೇಳಲೇ ಇಲ್ಲ. 'ಗುಲಾಮಗಿರಿ ಸಹಿತ ಸಂವಿಧಾನ' ಅಥವಾ 'ಗುಲಾಮಗಿರಿ ರಹಿತ ಸಂವಿಧಾನ', ಇವೆರಡರಲ್ಲಿ ಒಂದನ್ನು ಆರಿಸಿ ಅಂದರು. ರಹಿತ ಅಂತ ಮತ ಹಾಕಿದರೂ ಅಷ್ಟು ಹೊತ್ತಿಗೆ ಅಲ್ಲಿದ್ದ ಗುಲಾಮರು ಗುಲಾಮರಾಗಿಯೇ ಉಳಿಯುತ್ತಿದ್ದರು. ವಿರೋಧ ಇದ್ದವರು ಆ ಮತದಾನಕ್ಕೇ ಹೋಗಲಿಲ್ಲ. ಅಧ್ಯಕ್ಷ ಬ್ಯುಕಾನನ್ ಈ ಕಾಗದವನ್ನೇ ಹಿಡಿದು ಕಾನ್ಸಸ್ ಸೇರಿಸಿಕೊಳ್ಳಿ ಅಂತ ಹಟ ಹಿಡಿದರು. ಅವರ ಪಕ್ಷದ ಸ್ಟೀಫನ್ ಡಗ್ಲಸ್ ಅವರೇ, ಇದು ಜನರ ಅಭಿಪ್ರಾಯ ಅಲ್ಲ ಅಂತ ತಿರುಗಿ ಬಿದ್ದರು. ಕೊನೆಗೆ 1858ರ ಆಗಸ್ಟ್‌ನಲ್ಲಿ ಮತ್ತೊಮ್ಮೆ ಜನರನ್ನು ಕೇಳಬೇಕಾಯಿತು. ಬೇಡ ಅಂದವರು 11,300. ಬೇಕು ಅಂದವರು 1,788.

ಸಂವಿಧಾನ ಅನ್ನುವ ಹೆಸರು ಹೊತ್ತ ಕಾಗದವೆಲ್ಲ ಜನರದ್ದಲ್ಲ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ನಾಲ್ಕನೆಯದು, ವಯಾಂಡಾಟ್‌ನದು, ಕೊನೆಗೆ ನಿಂತಿತು. ಆ ಸಭೆಯ ಒಂದು ಚಿತ್ರ ನನ್ನ ಮನಸ್ಸಿನಲ್ಲಿ ಯಾವಾಗಲೂ ಇರುತ್ತದೆ. ಗಂಡಸರೇ ತುಂಬಿದ ಸಭೆ. ಅದರಲ್ಲಿ ಕ್ಲಾರಿನಾ ನಿಕೋಲ್ಸ್ ಅನ್ನುವ ಹೆಂಗಸು ದಿನಾ ಬಂದು, ಉಲ್ಲನ್ ಹೆಣೆಯುತ್ತಾ ಕೂರುತ್ತಿದ್ದರು. ಅವರು ಪ್ರತಿನಿಧಿ ಅಲ್ಲ, ಮತ ಹಾಕುವ ಹಕ್ಕೂ ಇಲ್ಲ. ಆದರೆ ಬಿಡುವಿನಲ್ಲಿ ಒಬ್ಬೊಬ್ಬ ಪ್ರತಿನಿಧಿಯನ್ನೂ ಹಿಡಿದು ಮಾತಾಡಿಸುತ್ತಿದ್ದರು. ಹೆಂಗಸರಿಗೆ ತಮ್ಮದೇ ಆಸ್ತಿ ಇಟ್ಟುಕೊಳ್ಳುವ ಹಕ್ಕು, ಮಕ್ಕಳ ಮೇಲೆ ತಂದೆಯಷ್ಟೇ ಹಕ್ಕು, ಶಾಲೆಯ ವಿಷಯದಲ್ಲಿ ಮತ ಹಾಕುವ ಅವಕಾಶ, ಇವು ಆ ಸಂವಿಧಾನದೊಳಗೆ ಬಂದದ್ದರಲ್ಲಿ ಆ ಹೆಣಿಗೆಯ ಪಾಲು ದೊಡ್ಡದು. ದಕ್ಷಿಣದ ಸೆನೆಟರುಗಳು ಎದ್ದು ಹೋಗಲು ಶುರುವಾದ ಮೇಲೆ, 1861ರ ಜನವರಿ 29ರಂದು, ಕಾನ್ಸಸ್ ಒಳಗೆ ಬಂತು.

ಯುದ್ಧ ಮುಗಿದ ಮೇಲೆ ಸೋತ ದಕ್ಷಿಣದ ರಾಜ್ಯಗಳೂ ಹೊಸ ಸಂವಿಧಾನ ಬರೆದೇ ವಾಪಸ್ ಬರಬೇಕಾಯಿತು. 1868ರ ಸೌತ್ ಕ್ಯಾರೊಲಿನಾ ಸಭೆಯಲ್ಲಿ ಹೆಚ್ಚಿನವರು ಕಪ್ಪು ಜನ. ಆದರೆ 1890ರಲ್ಲಿ ಮಿಸಿಸಿಪ್ಪಿ ಇನ್ನೊಂದು ಸಂವಿಧಾನ ಬರೆದು, ಓದು ಬರಹದ ಪರೀಕ್ಷೆ ಮತ್ತು ತಲೆ ತೆರಿಗೆ ಇಟ್ಟು ಅವರ ಮತ ಕಿತ್ತುಕೊಂಡಿತು. ಆ ಕಾಗದವನ್ನು ಜನರ ಮತಕ್ಕೂ ಹಾಕಲಿಲ್ಲ.

ಇನ್ನು ಹೊಸ್ತಿಲಲ್ಲಿ ಹಾಕುವ ಷರತ್ತುಗಳು. ಯೂಟಾ 1849ರಿಂದ ಮತ್ತೆ ಮತ್ತೆ ಸಂವಿಧಾನ ಬರೆದು ಕಳಿಸಿತು. ಬಹುಪತ್ನಿತ್ವ ಬಿಡುವ ತನಕ ಬಾಗಿಲು ತೆರೆಯಲಿಲ್ಲ. ಅದನ್ನು 'ಎಂದೆಂದಿಗೂ ನಿಷೇಧ' ಅಂತ ಬರೆದುಕೊಟ್ಟು 1896ರಲ್ಲಿ ಒಳಗೆ ಬಂತು.

ನನ್ನ ವಿದ್ಯಾರ್ಥಿನಿ ಓದಿದ್ದ ಅರಿಜೋನಾದ ಕಥೆ ಇನ್ನೂ ಸ್ವಾರಸ್ಯ. 1910ರಲ್ಲಿ ಫೀನಿಕ್ಸ್‌ನಲ್ಲಿ ಬರೆದ ಸಂವಿಧಾನದಲ್ಲಿ, ಚುನಾಯಿತ ಅಧಿಕಾರಿಗಳನ್ನು ಜನ ಮತ ಹಾಕಿ ನಡುವೆಯೇ ಇಳಿಸಬಹುದು ಅಂತ ಇತ್ತು. ನ್ಯಾಯಾಧೀಶರನ್ನೂ ಸೇರಿಸಿ. ಅಧ್ಯಕ್ಷ ಟಾಫ್ಟ್ ಸ್ವತಃ ನ್ಯಾಯಾಧೀಶರಾಗಿದ್ದವರು. ನ್ಯಾಯಾಧೀಶ ಜನರ ಸಿಟ್ಟಿಗೆ ಹೆದರಿ ತೀರ್ಪು ಕೊಡುವಂತಾದರೆ ನ್ಯಾಯ ಎಲ್ಲಿ ಉಳಿಯುತ್ತದೆ ಅನ್ನುವುದು ಅವರ ಆಕ್ಷೇಪ. 1911ರ ಆಗಸ್ಟ್ 15ರಂದು ಅವರು ಸೇರ್ಪಡೆಗೆ ತಡೆ ಹಾಕಿದರು. ಅರಿಜೋನಾದವರು ಮಾತಿಲ್ಲದೆ ಆ ಸಾಲು ತೆಗೆದರು. 1912ರ ಫೆಬ್ರುವರಿ 14ರಂದು ರಾಜ್ಯವಾದರು. ಅದೇ ನವೆಂಬರಿನಲ್ಲಿ ಜನ ಮತ ಹಾಕಿ ಆ ಸಾಲನ್ನು ಮತ್ತೆ ಸೇರಿಸಿಕೊಂಡರು. ಅದೇ ಚುನಾವಣೆಯಲ್ಲಿ ಹೆಂಗಸರಿಗೂ ಮತದ ಹಕ್ಕು ಕೊಟ್ಟರು. ಟಾಫ್ಟ್ ಅವರ ಆತಂಕ ಸುಮ್ನೆ ಬಂದದ್ದಲ್ಲ, ಅದರಲ್ಲಿ ತೂಕ ಇದೆ. ಆದರೂ ತೀರ್ಮಾನ ಮಾಡಬೇಕಾದವರು ಅರಿಜೋನಾದ ಜನ ಅಂತಲೇ ನನಗೆ ಅನ್ನಿಸುತ್ತದೆ.

ಹೀಗೆ ಮಾಡಬಹುದಾ ಅನ್ನುವುದಕ್ಕೆ ಅದರ ಹಿಂದಿನ ವರ್ಷವೇ ಉತ್ತರ ಸಿಕ್ಕಿತ್ತು. ಒಕ್ಲಹೋಮಾವನ್ನು ಸೇರಿಸಿಕೊಳ್ಳುವಾಗ ಕಾಂಗ್ರೆಸ್, 1913ರ ತನಕ ರಾಜಧಾನಿ ಗಥ್ರಿ ಊರಿನಲ್ಲೇ ಇರಬೇಕು ಅಂತ ಷರತ್ತು ಹಾಕಿತ್ತು. ಒಕ್ಲಹೋಮಾದವರು 1910ರಲ್ಲೇ ಒಕ್ಲಹೋಮಾ ಸಿಟಿಗೆ ಸಾಗಿಸಿಬಿಟ್ಟರು. ರಾಜ್ಯದ ಮೊಹರನ್ನು ರಾತ್ರೋರಾತ್ರಿ ಹೊತ್ತೊಯ್ದರು ಅನ್ನುವ ಕಥೆಯನ್ನು ಅಲ್ಲಿ ಈಗಲೂ ಹೇಳುತ್ತಾರೆ. ಕೇಸು ಸುಪ್ರೀಂ ಕೋರ್ಟಿಗೆ ಹೋಯಿತು. ಒಂದು ರಾಜ್ಯ ತನ್ನ ರಾಜಧಾನಿಯನ್ನು ಎಲ್ಲಿಡಬೇಕು ಅನ್ನುವುದು ಹಳೆಯ ರಾಜ್ಯಗಳ ಕೈಯಲ್ಲಿದ್ದರೆ, ಹೊಸದರ ಕೈಯಲ್ಲೂ ಇರಬೇಕು ಅಂತ 1911ರಲ್ಲಿ ಕೋರ್ಟ್ ಹೇಳಿತು. ಬಾಗಿಲಲ್ಲಿ ಹೇಳಿಸಿಕೊಂಡ ಮಾತಿನಿಂದ ಒಳಗೆ ಬಂದವರನ್ನು ಕೆಳಗೆ ಕೂರಿಸಲು ಆಗುವುದಿಲ್ಲ.

ನ್ಯೂ ಮೆಕ್ಸಿಕೋದ ಬಗ್ಗೆ ಒಂದು ಮಾತು ಹೇಳದೆ ಕನ್ನಡದವರ ಮುಂದಿನಿಂದ ನಾನು ಹೋಗಲಾರೆ. ಅದು 1850ರಲ್ಲಿ ಟೆರಿಟರಿ (ಇನ್ನೂ ರಾಜ್ಯವಾಗದೆ ಕಾಂಗ್ರೆಸ್ಸಿನ ಕೈಕೆಳಗಿರುವ ಪ್ರದೇಶ) ಆಯಿತು, 1912ರಲ್ಲಿ ರಾಜ್ಯ. 62 ವರ್ಷ ಕಾಯಿತು. ಅಲ್ಲಿನ ಜನ ಹೆಚ್ಚಾಗಿ ಸ್ಪ್ಯಾನಿಷ್ ಮಾತಾಡುತ್ತಾರೆ ಅನ್ನುವುದೂ ಆ ಕಾಯಿಸುವಿಕೆಗೆ ಒಂದು ಕಾರಣ. ಶಾಲೆಗಳು ಇಂಗ್ಲಿಷಿನಲ್ಲೇ ನಡೆಯಬೇಕು ಅನ್ನುವುದು ಕಾಂಗ್ರೆಸ್ಸಿನ ಷರತ್ತುಗಳಲ್ಲಿ ಒಂದು. 1910ರಲ್ಲಿ ಸಾಂಟಾ ಫೇಯಲ್ಲಿ ಸೇರಿದ 100 ಪ್ರತಿನಿಧಿಗಳಲ್ಲಿ ಸುಮಾರು ಮೂರನೇ ಒಂದು ಪಾಲು ಸ್ಪ್ಯಾನಿಷ್ ಮನೆಮಾತಿನವರು. ಅವರು ಪಟ್ಟು ಹಿಡಿದು ತಮ್ಮ ಕಾವಲನ್ನು ಸಂವಿಧಾನದಲ್ಲೇ ಬರೆಸಿದರು. ಇಂಗ್ಲಿಷ್ ಆಗಲಿ ಸ್ಪ್ಯಾನಿಷ್ ಆಗಲಿ ಓದಲು, ಬರೆಯಲು, ಮಾತಾಡಲು ಬರುವುದಿಲ್ಲ ಅಂತ ಯಾರ ಮತವನ್ನೂ ಕಿತ್ತುಕೊಳ್ಳಬಾರದು. ಸ್ಪ್ಯಾನಿಷ್ ಮೂಲದ ಮಕ್ಕಳನ್ನು ಬೇರೆ ಶಾಲೆಗೆ ತಳ್ಳಬಾರದು. ಕಾನೂನುಗಳು 20 ವರ್ಷ ಎರಡೂ ಭಾಷೆಯಲ್ಲಿ ಅಚ್ಚಾಗಬೇಕು. ಈ ಮತದ ಹಕ್ಕನ್ನು ಮುಟ್ಟಬೇಕಾದರೆ ಇಡೀ ರಾಜ್ಯದಲ್ಲಿ ಮುಕ್ಕಾಲು ಪಾಲು ಮತ, ಜೊತೆಗೆ ಪ್ರತಿ ಕೌಂಟಿಯಲ್ಲೂ (ನಮ್ಮ ಜಿಲ್ಲೆಯ ಹಾಗೆ) ಮೂರರಲ್ಲಿ ಎರಡು ಪಾಲು ಮತ ಬೇಕು. ಹೊರಗೆ ಹೊಸ್ತಿಲಲ್ಲಿ ನಿಂತಿದ್ದಾಗಲೇ ಇಷ್ಟು ಗಟ್ಟಿ ಬೀಗ ಹಾಕಿಕೊಂಡರು ಅಂದರೆ ಅವರಿಗೆ ಎಷ್ಟು ಭಯ ಇತ್ತು ಅಂತ ಯೋಚಿಸಿ.

ಈ ಹಂತದಲ್ಲಿ ಮುಂದಿನ ಸಾಲಿನಿಂದ ಒಬ್ಬರು, 'ನಮ್ಮ ಮೈಸೂರು ಸಂಸ್ಥಾನ ಸೇರಿದಾಗ ಇಂಥದ್ದೇನೂ ಇರಲಿಲ್ಲವೇ?' ಅಂದರು. ಇತ್ತು. 1947ರ ಮೈಸೂರು ಚಲೋ ಚಳವಳಿ ಆದ ಮೇಲೆ ಕೆ.ಸಿ. ರೆಡ್ಡಿ ಅವರ ಸರ್ಕಾರ ಬಂತು. ಮೈಸೂರಿಗೇ ಅಂತ ಒಂದು ಸಂವಿಧಾನ ಸಭೆಯೂ ಆಯಿತು. ಸೌರಾಷ್ಟ್ರ, ತಿರುವಾಂಕೂರು-ಕೊಚ್ಚಿಗಳಲ್ಲೂ ಹೀಗೇ. ಆದರೆ 1949ರಲ್ಲಿ, ಬೇರೆ ಬೇರೆ ಕಾಗದ ಬೇಡ, ಭಾರತದ ಸಂವಿಧಾನದಲ್ಲೇ ಎಲ್ಲವೂ ಇರಲಿ ಅಂತ ತೀರ್ಮಾನವಾಯಿತು. ನವೆಂಬರ್ 25ರಂದು ಜಯಚಾಮರಾಜ ಒಡೆಯರು ಅದನ್ನೇ ಮೈಸೂರಿನ ಸಂವಿಧಾನವಾಗಿ ಒಪ್ಪಿ ಘೋಷಣೆ ಹೊರಡಿಸಿದರು. ಆ ಹುಡುಗಿಯ ಪ್ರಶ್ನೆಗೆ ಉತ್ತರ ಅದು. ಇನ್ನೊಂದು ವ್ಯತ್ಯಾಸವೂ ಇದೆ. ನಮ್ಮ 3ನೇ ಅನುಚ್ಛೇದದ ಪ್ರಕಾರ ಸಂಸತ್ತು ಒಂದು ರಾಜ್ಯದ ಗಡಿ ಬದಲಾಯಿಸಬಹುದು, ಆ ರಾಜ್ಯದ ಅಭಿಪ್ರಾಯ ಕೇಳಿದರೆ ಸಾಕು. ಅಮೆರಿಕದಲ್ಲಿ ಆ ರಾಜ್ಯದ ಒಪ್ಪಿಗೆಯೇ ಬೇಕು. 1956ರಲ್ಲಿ ಕನ್ನಡದ ನೆಲ ಒಂದಾಗಲು ನಮ್ಮ ದಾರಿಯೇ ಅನುಕೂಲವಾಯಿತು. ಐದು ಆಡಳಿತಗಳ ಒಪ್ಪಿಗೆಗೆ ಕಾಯಬೇಕಿದ್ದರೆ ಎಷ್ಟು ವರ್ಷ ಹಿಡಿಯುತ್ತಿತ್ತೋ.

ಕೊನೆಗೆ, ಬರೆದೂ ಒಳಗೆ ಬರಲಾಗದವರ ಕಥೆ.

ಈಗಿನ ಒಕ್ಲಹೋಮಾದ ಪೂರ್ವ ಭಾಗ ಚೆರೋಕಿ, ಚಾಕ್ಟಾ, ಚಿಕಸಾ, ಕ್ರೀಕ್, ಸೆಮಿನೋಲ್ ಅನ್ನುವ ಐದು ಮೂಲನಿವಾಸಿ ರಾಷ್ಟ್ರಗಳ ನೆಲ. 1830ರ ದಶಕದಲ್ಲಿ ಅವರನ್ನು ಆಗ್ನೇಯದ ಊರುಗಳಿಂದ ಎಬ್ಬಿಸಿ ಅಲ್ಲಿಗೆ ಓಡಿಸಿದ್ದರು. ದಾರಿಯಲ್ಲಿ ಸಾವಿರಾರು ಜನ ಸತ್ತರು. ಕಣ್ಣೀರಿನ ಹಾದಿ ಅಂತ ಅದಕ್ಕೆ ಹೆಸರು. ಈ ಹೊಸ ನೆಲವನ್ನು ನಿಮ್ಮ ಒಪ್ಪಿಗೆ ಇಲ್ಲದೆ ಯಾವ ರಾಜ್ಯಕ್ಕೂ ಸೇರಿಸುವುದಿಲ್ಲ ಅಂತ ಒಪ್ಪಂದದಲ್ಲಿ ಬರೆದುಕೊಟ್ಟಿದ್ದರು. ಸಂವಿಧಾನ ಅವರಿಗೆ ಹೊಸದಲ್ಲ. ಚೆರೋಕಿ ಜನ 1827ರಲ್ಲೇ ತಮ್ಮದನ್ನು ಬರೆದುಕೊಂಡಿದ್ದರು.

1905ರಲ್ಲಿ, ಹೇಗೂ ರಾಜ್ಯ ಆಗುವುದು ತಪ್ಪುವುದಿಲ್ಲ ಅಂತ ಕಂಡಾಗ, ಅವರು ಮಸ್ಕೋಗಿ ಊರಿನಲ್ಲಿ ಸೇರಿದರು. ಕ್ರೀಕ್ ಮುಖಂಡ ಪ್ಲೆಸೆಂಟ್ ಪೋರ್ಟರ್ ಅಧ್ಯಕ್ಷರು. ತಮ್ಮದೇ ರಾಜ್ಯಕ್ಕೆ ಸಿಕ್ವೊಯಾ ಅಂತ ಹೆಸರಿಟ್ಟರು. ಸಿಕ್ವೊಯಾ ಚೆರೋಕಿ ಭಾಷೆಗೆ ಲಿಪಿ ಮಾಡಿದ ಮನುಷ್ಯ. ನಮ್ಮ ಕಾಗುಣಿತದ ಹಾಗೆ ಒಂದೊಂದು ಗುರುತಿಗೆ ಒಂದೊಂದು ಅಕ್ಷರದ ಉಚ್ಚಾರ, ಒಟ್ಟು 85ರಷ್ಟು. ಅದನ್ನು ಮಾಡುವಾಗ ಅವನಿಗೆ ಬೇರೆ ಯಾವ ಭಾಷೆಯನ್ನೂ ಓದಲು ಬರುತ್ತಿರಲಿಲ್ಲ. ಒಂದು ರಾಜ್ಯಕ್ಕೆ ಇಡಲು ಇದಕ್ಕಿಂತ ಚೆಂದದ ಹೆಸರು ಇರಲಾರದು. ನವೆಂಬರ್ 7ರಂದು ಜನ ಮತ ಹಾಕಿದರು. ಪರ 56,279, ವಿರುದ್ಧ 9,073.

ಕಾಂಗ್ರೆಸ್ ಕಾಗದವನ್ನು ಪಕ್ಕಕ್ಕೆ ಇಟ್ಟಿತು. ಪಶ್ಚಿಮದಲ್ಲಿ ಬಿಳಿಯರು ಹೆಚ್ಚಾಗಿದ್ದ ಒಕ್ಲಹೋಮಾ ಟೆರಿಟರಿಯ ಜೊತೆ ಇವರನ್ನು ಸೇರಿಸಿ ಒಂದೇ ರಾಜ್ಯ ಮಾಡಿತು. 1907ರ ನವೆಂಬರ್ 16ರಂದು ಗಥ್ರಿಯ ಮೆಟ್ಟಿಲುಗಳ ಮೇಲೆ ಒಂದು ಮದುವೆಯ ಅಣಕು ನಡೆಸಿದರು. ಒಕ್ಲಹೋಮಾ ಟೆರಿಟರಿ ಅನ್ನುವ ಗಂಡು, ಇಂಡಿಯನ್ ಟೆರಿಟರಿ (ಮೂಲನಿವಾಸಿಗಳ ಆ ಪೂರ್ವ ಭಾಗಕ್ಕೆ ಆಗಿದ್ದ ಹೆಸರು) ಅನ್ನುವ ಹೆಣ್ಣು. ಹೆಣ್ಣಿನ ವೇಷ ಹಾಕಿದವರು ಚೆರೋಕಿ ಮೂಲದ ಮಹಿಳೆ. ಹೆಣ್ಣಿನ ಕಡೆಯವರು 56,279 ಮತ ಹಾಕಿ ಬೇರೆ ಮಾತು ಹೇಳಿದ್ದರು. ಅಲ್ಲಿ ಅದನ್ನು ಯಾರೂ ಎತ್ತಲಿಲ್ಲ. ಹೊಸ ರಾಜ್ಯದ ಸೆನೆಟ್‌ನ ಮೊದಲ ಮಸೂದೆಯೇ ರೈಲಿನಲ್ಲಿ ಕಪ್ಪು ಜನರಿಗೆ ಬೇರೆ ಡಬ್ಬಿ ಇಡುವುದು. ಅರಿಜೋನಾಕ್ಕೆ ತನ್ನ ಮನಸ್ಸಿನಂತೆ ನಡೆಯಲು ಬಿಟ್ಟ ಸಮಾನ ನೆಲೆಯೇ ಒಕ್ಲಹೋಮಾಕ್ಕೆ ಇದನ್ನೂ ಮಾಡಲು ಬಿಟ್ಟಿತು. ನಾನು ಆ ಮಾತನ್ನು ಇಷ್ಟು ಹೊತ್ತು ಹೊಗಳಿದ್ದೇನೆ, ಹಾಗಾಗಿ ಇದನ್ನೂ ಹೇಳಲೇಬೇಕು.

'ಆಮೇಲೆ ಅವರಿಗೆ ಏನೂ ಸಿಗಲಿಲ್ಲವಾ ಸಾರ್?' ಅಂತ ಹಿಂದಿನ ಸಾಲಿನ ಹುಡುಗನೊಬ್ಬ ಕೇಳಿದ.

2020ರ ಜುಲೈ 9ರಂದು ಅಮೆರಿಕದ ಸುಪ್ರೀಂ ಕೋರ್ಟಿನಿಂದ ಒಂದು ತೀರ್ಪು ಬಂತು. ಕ್ರೀಕ್ ರಾಷ್ಟ್ರಕ್ಕೆ ಅಂತ ಬಿಟ್ಟುಕೊಟ್ಟ ನೆಲದ ಗಡಿಗಳನ್ನು ಕಾಂಗ್ರೆಸ್ ಯಾವತ್ತೂ ಅಳಿಸಿಲ್ಲ, ಒಕ್ಲಹೋಮಾ ರಾಜ್ಯವಾದ ಮಾತ್ರಕ್ಕೆ ಅವು ಅಳಿಸಿಹೋಗುವುದಿಲ್ಲ ಅಂತ ಒಂಬತ್ತರಲ್ಲಿ ಐವರು ನ್ಯಾಯಮೂರ್ತಿಗಳು ಹೇಳಿದರು. ಬರೆದವರು ನ್ಯಾಯಮೂರ್ತಿ ಗೋರ್ಸಚ್. ಕಣ್ಣೀರಿನ ಹಾದಿಯ ಆ ತುದಿಯಲ್ಲಿ ಒಂದು ಮಾತು ಕೊಟ್ಟಿದ್ದೆವು, ಅನ್ನುವ ಅರ್ಥದ ಸಾಲಿನಿಂದ ಆ ತೀರ್ಪು ಶುರುವಾಗುತ್ತದೆ. ರಾಜ್ಯವಾಗಿ 112 ವರ್ಷ ಕಳೆದ ಮೇಲೆ ಆ ಹಳೇ ಕಾಗದವನ್ನು ಕೋರ್ಟಿನಲ್ಲಿ ಮತ್ತೆ ಬಿಚ್ಚಿ ಓದಿದರು.